ಅರ್ಧ ಟಿಕೆಟ್ಟಿನ ಎಣ್ಣೆ

ಊಟ ಮುಗಿದು ತಟ್ಟೆಗಳೆಲ್ಲ ಸಿಂಕಿಗೆ ಇಳಿದ ಮೇಲೂ ಆ ಮನೆಯಲ್ಲಿ ಯಾರೂ ಎದ್ದು ಹೋಗುವಂತಿರಲಿಲ್ಲ. ಎಣ್ಣೆಯ ತೂಕ ಆಗಬೇಕಿತ್ತು. ತಾತ ಕೈ ಒರೆಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಪಾಟಿನಿಂದ ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿ ತೆಗೆಯುತ್ತಿದ್ದರು. ಅದರ ಮೇಲೆ ಹಳೆಯ ಕೆಮ್ಮಿನ ಔಷಧದ ಸೀಸೆ. ಬೆಳಿಗ್ಗೆ ಅವರೇ ಅದಕ್ಕೆ ಆ ದಿನದ ಎಣ್ಣೆ ಅಳೆದು ಹಾಕಿ ಅಡುಗೆಮನೆಗೆ ಒಪ್ಪಿಸಿರುತ್ತಿದ್ದರು. ಈಗ ಉಳಿದದ್ದೆಷ್ಟು ಎಂದು ನೋಡಬೇಕು. ಅಂಕಿ ನಿಲ್ಲುವವರೆಗೂ ಯಾರೂ ಉಸಿರು ಬಿಡುವಂತಿಲ್ಲ. ಉಸಿರಿಗೂ ತೂಕವಿದೆ ಎಂಬುದು ಅವರ ವಾದ.

“ಆರು ಗ್ರಾಂ ಉಳೀತು! ಹಾಕ್ರಪ್ಪ ಚಪ್ಪಾಳೆ!”

ಅಜ್ಜಿ ತಟ್ಟುತ್ತಿದ್ದಳು, ಸೊಸೆ ತಟ್ಟುತ್ತಿದ್ದಳು. ಎತ್ತರದ ಕುರ್ಚಿಯಲ್ಲಿ ಕೂತ ಮೊಮ್ಮಗ ಎಲ್ಲರಿಗಿಂತ ಕೊನೆಗೆ, ಎರಡೇ ಎರಡು ಸಲ, ಸದ್ದಿಲ್ಲದೆ ತಟ್ಟುತ್ತಿದ್ದ. ಮೊದಮೊದಲು ಅವನದೇ ಜೋರು ಚಪ್ಪಾಳೆಯಾಗಿತ್ತು. ಯಾವಾಗಿನಿಂದ ಸದ್ದು ಹೋಯಿತು ಎಂದು ಅಜ್ಜಿ ಆಗಾಗ ಯೋಚಿಸುತ್ತಿದ್ದಳು. ಯೋಚಿಸಿ, ಪಾತ್ರೆ ತಿಕ್ಕಲು ಏಳುತ್ತಿದ್ದಳು.

ತಾತ ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಅಂಗಡಿ ಅಂಗಡಿ ನುಗ್ಗಿ ತಕ್ಕಡಿಯ ಹೊಟ್ಟೆಯ ಕೆಳಗೆ ಬೆರಳಾಡಿಸಿ ಅಂಟಿಸಿದ ಅಯಸ್ಕಾಂತವನ್ನು ಕಿತ್ತು ತೆಗೆದವರು. ಸಕ್ಕರೆ ತೂಗುವಾಗ ಚೀಲದ ತೂಕವನ್ನು ಕಳೆಯದೆ ಬಿಟ್ಟ ಅಂಗಡಿಯವನು ಇವರ ಕೈಗೆ ಸಿಕ್ಕರೆ ಅವನ ಕತೆ ಮುಗಿದಂತೆ. ಬೀದಿಯವರು ಇಟ್ಟ ಹೆಸರು ಗ್ರಾಂ ಸಾಹೇಬರು. ನಿವೃತ್ತರಾದ ಮೇಲೆ ಇಡೀ ಇಲಾಖೆ ಅವರೊಡನೆಯೇ ಮನೆಗೆ ಬಂದುಬಿಟ್ಟಿತು.

ಅಜ್ಜಿಯದು ಇನ್ನೊಂದು ಲೋಕ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ನಾನೂರು ಜನಕ್ಕೆ ಬೇಯಿಸಿ ಹಾಕಿದ ಕೈ. ಅಲ್ಲಿ ಎಣ್ಣೆಗೆ ಅಳತೆ ಸೌಟು, ಸೌಟಿಗೆ ಅಳತೆ ಕಣ್ಣು. ಬಾಯಿ ಸುಮ್ಮನಿರುತ್ತಿರಲಿಲ್ಲ. ಮ್ಯಾನೇಜರು ಮೂಗಿನಲ್ಲಿ ಮಾತಾಡುವುದು, ಬಾಯ್ಲರು ಸಿಟ್ಟಾಗುವುದು, ಪಾಳಿ ಬಿಡುವ ಸೈರನ್ನಿಗೆ ನೆಗಡಿಯಾಗುವುದು, ಎಲ್ಲವನ್ನೂ ಗಂಟಲಲ್ಲಿ ಇಳಿಸಿಕೊಂಡು ತೋರಿಸುತ್ತಿದ್ದಳು. ಗಂಡನ ದನಿಯಂತೂ ಅವಳಿಗೆ ನೀರು ಕುಡಿದಷ್ಟು ಸುಲಭ. ಪಕ್ಕದ ಕೋಣೆಯಿಂದ “ಏನೇ, ಚೀಲದ ತೂಕ ಕಳೆದ್ಯಾ?” ಅಂದರೆ ಸೊಸೆ ಮಾವನೇ ಬಂದರೆಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಎಲ್ಲ ಶುರುವಾದದ್ದು ಒಂಬತ್ತು ತಿಂಗಳ ಹಿಂದೆ. ಕರಿದ ಮೊಟ್ಟೆ ಅರ್ಧ ತಿಂದಿದ್ದ ತಾತ ಚಮಚ ಕೆಳಗಿಟ್ಟು, ಎದೆಯ ಮೇಲೆ ಯಾರೋ ಐವತ್ತು ಕೇಜಿಯ ಬಟ್ಟು ಇಟ್ಟಂತಿದೆ ಎಂದರು. ಆ ಗಳಿಗೆಯಲ್ಲೂ ತೂಕ ಹೇಳಿಯೇ ಬಿದ್ದರು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟು ಇಟ್ಟರು. ಹೃದಯದ ಡಾಕ್ಟರು ಕಡತ ತಿರುವುತ್ತ, ತಲೆಯೆತ್ತದೆ ಕೇಳಿದರು: “ಮನೇಲಿ ಅಡುಗೆ ಯಾರು ಮಾಡೋದು?”

ಮಗ, ಸೊಸೆ, ಮಂಚದ ಮೇಲಿದ್ದ ಗಂಡ, ಮೂವರೂ ಅಜ್ಜಿಯ ಕಡೆ ತಿರುಗಿದರು. ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು.

ಆಸ್ಪತ್ರೆ ಬಿಡುವ ದಿನ ಆಹಾರ ಸಲಹೆಯ ಮೇಡಂ ಬಂದು ಕೂತು ಬಿಡಿಸಿ ಹೇಳಿದರು: “ನೋಡಿ, ದೊಡ್ಡವರಿಗೆ ದಿನಕ್ಕೆ ತಲೆಗೆ ಮೂರು ಟೀ ಚಮಚ. ಎಣ್ಣೆ, ಬೆಣ್ಣೆ ಎಲ್ಲಾ ಸೇರಿ ಅಷ್ಟೇ. ಅದಕ್ಕಿಂತ ಮೇಲೆ ಹೋಗ್ಬೇಡಿ. ಹಾಗಂತ ಪೂರ್ತಿ ಬಿಡಬೇಡಿ, ಮೈಗೆ ಅದೂ ಬೇಕು.” ತಾತ ಅಂಗೈಯಗಲದ ಚೀಟಿಯಲ್ಲಿ ಬರೆದುಕೊಂಡರು. ಚೀಟಿ ‘ಮೇಲೆ ಹೋಗಬೇಡಿ’ ಎಂಬಲ್ಲಿಗೆ ಮುಗಿಯಿತು. ಉಳಿದದ್ದನ್ನು ಬರೆಯಲು ಜಾಗವಿರಲಿಲ್ಲ. ಕೇಳಿಸಿಕೊಳ್ಳಲೂ ಇರಲಿಲ್ಲ ಎಂದು ಕಾಣುತ್ತದೆ.

“ಮೂರು ಒಳ್ಳೇದು ಅಂದ್ಮೇಲೆ ಎರಡು ಇನ್ನೂ ಒಳ್ಳೇದಲ್ವಾ?” ಎಂದರು ಮೊದಲ ತಿಂಗಳು. ಚಳಿ ಶುರುವಾಗುವ ಹೊತ್ತಿಗೆ ಎರಡು ಹೋಗಿ ಒಂದಾಗಿತ್ತು.

“ಮಾವ, ಮಗೂಗೆ ಎಷ್ಟು?” ಎಂದು ಸೊಸೆ ಒಮ್ಮೆ ಕೇಳಿದಳು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಅಂಗಡಿಯ ಕೌಂಟರಿನಲ್ಲಿ ಕೆಲಸ ಅವಳಿಗೆ. ಎಂಟಕ್ಕೆ ಹೊರಟರೆ ಮರಳಿ ಏಳಕ್ಕೆ. ಗಂಡ ಗೂಡ್ಸ್ ರೈಲಿನ ಗಾರ್ಡು. ಮನೆಯಲ್ಲಿ ಇರುವುದಕ್ಕಿಂತ ಫೋನಿನಲ್ಲಿ ಇರುವುದೇ ಹೆಚ್ಚು.

“ಬಸ್ಸಲ್ಲಿ ಹೇಗಮ್ಮ? ಮಕ್ಕಳಿಗೆ ಅರ್ಧ ಟಿಕೆಟ್!”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿ. ಬಸ್ ಕಂಡಕ್ಟರನ ದನಿಯಲ್ಲಿ “ಅರ್ಧ ಎಣ್ಣೆ, ಅರ್ಧ ಎಣ್ಣೆ, ಮುಂದೆ ಹೋಗಿ ಮುಂದೆ ಹೋಗಿ” ಎಂದು ಕೂಗಿ ಮತ್ತೊಮ್ಮೆ ನಗಿಸಿದಳು.

ಹಾಗೆ ಹನ್ನೊಂದು ತಿಂಗಳ ಕೂಸಿಗೆ ದಿನಕ್ಕೆ ಅರ್ಧ ಚಮಚ ನಿಗದಿಯಾಯಿತು. ಹಾಲಿನ ಕೆನೆ ತೆಗೆದದ್ದಾಯಿತು, ಹಾಲು ನೀಲಿಗಟ್ಟಿತು. ಮೊಟ್ಟೆಯ ಹಳದಿ ಕಸದ ಬುಟ್ಟಿಗೆ ಹೋಯಿತು. ಬೇಯಿಸಿದ ಸೊಪ್ಪು, ಬೇಯಿಸಿದ ಗಜ್ಜರಿ, ಬೇಯಿಸಿದ ಬೇಳೆ, ತವುಡಿನ ಬ್ರೆಡ್ಡು. ತಟ್ಟೆ ತುಂಬ ಇರುತ್ತಿತ್ತು. ಹೊಟ್ಟೆಯೂ ತುಂಬುತ್ತಿತ್ತು. ತುಂಬಿದ ಹೊಟ್ಟೆ ಏನು ಹಿಡಿದುಕೊಂಡಿದೆ ಎಂದು ಕೇಳುವವರಿರಲಿಲ್ಲ.

ಮಗುವಿಗೆ ಬೇರೆ ಪಾತ್ರೆ ಇಡೋಣವೇ ಎಂದು ಅಜ್ಜಿ ಮೆಲ್ಲಗೆ ಮಾತು ತೆಗೆದಾಗ ತಾತ ಗದರಿಸಲಿಲ್ಲ. ಮುಖ ಸಣ್ಣದು ಮಾಡಿಕೊಂಡರು.

“ಪಕ್ಕದ ಪಾತ್ರೆ ಘಂ ಅಂದ್ರೆ ನನ್ನ ಕೈ ಸುಮ್ನಿರುತ್ತೇನೇ? ನನಗೆ ಲೋಕದ ತಕ್ಕಡಿ ಮೇಲೆಲ್ಲ ನಂಬಿಕೆ ಇದೆ, ನನ್ನ ನಾಲಿಗೆ ಮೇಲೆ ಇಲ್ಲ. ಒಂದೇ ಮನೆ, ಒಂದೇ ಪಾತ್ರೆ. ನಾನು ಬದುಕ್ಬೇಕಾ ಬೇಡ್ವಾ, ಹೇಳು.”

ಏನು ಹೇಳುವುದು? ಬದುಕಬೇಡಿ ಎಂದು ಯಾವ ಹೆಂಡತಿ ಹೇಳುತ್ತಾಳೆ? ತಾತ ಎಣ್ಣೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಆ ಮನೆಯಲ್ಲಿ ಎಣ್ಣೆಯನ್ನು ಧಾರಾಳವಾಗಿ ಬಿಟ್ಟುಕೊಳ್ಳಬಹುದಾಗಿದ್ದ ಜಾಗ ಅದೊಂದೇ.

ಊಟದ ಮೇಜಿನ ಆಟವೊಂದನ್ನೂ ಅವರೇ ಕಟ್ಟಿದರು. ಬಡಿಸುವಾಗ ಮೊದಲು ಅಂಗೈ ಅಡ್ಡ ಹಿಡಿದು “ಸಾಕು!” ಎಂದವರು ಗೆದ್ದಂತೆ, ಉಳಿದವರು ಚಪ್ಪಾಳೆ ತಟ್ಟಬೇಕು. ತಾತನ ‘ಸಾಕು’ ಎಂದರೆ ಟ್ರಾಫಿಕ್ ಪೊಲೀಸಿನವನು ಲಾರಿ ನಿಲ್ಲಿಸಿದ ಹಾಗೆ: ಕೈ ನೆಟ್ಟಗೆ, ಬೆರಳು ಬಿಗಿದು, ಗಲ್ಲ ಮೇಲಕ್ಕೆ. ಹದಿಮೂರನೇ ತಿಂಗಳಲ್ಲಿ ಮಗು ಅದನ್ನು ಹಿಡಿದುಬಿಟ್ಟಿತು. ಅಜ್ಜಿಯ ಅನುಕರಣೆಯ ರಕ್ತ ಎಲ್ಲಿಗೆ ಹೋದೀತು? ಪುಟ್ಟ ಅಂಗೈ ನೆಟ್ಟಗೆ, ಗಲ್ಲ ಮೇಲಕ್ಕೆ, “ಚಾಕು!” ಮನೆಯೇ ಕುಣಿಯಿತು. ತಾತ ಅವನನ್ನು ಎತ್ತಿಕೊಂಡು ಇಡೀ ಬೀದಿಗೆ ತೋರಿಸಿ ಬಂದರು. ಒಂದು ತುತ್ತು, ಚಾಕು, ಚಪ್ಪಾಳೆ. ಆಮೇಲೆ ಅರ್ಧ ತುತ್ತು, ಚಾಕು, ಚಪ್ಪಾಳೆ. ಮಗುವಿಗೆ ಒಂದು ವಿಷಯ ಮನದಟ್ಟಾಯಿತು: ಬಾಯಿ ತೆರೆದರೆ ಬರೀ ಸೊಪ್ಪು, ಬಾಯಿ ಮುಚ್ಚಿದರೆ ಎಲ್ಲರ ನಗು.

ಹುಟ್ಟಿದಾಗ ಅವನ ಮಣಿಕಟ್ಟಿನಲ್ಲಿ ದಾರ ಕಟ್ಟಿದಂಥ ಮಡಿಕೆಗಳಿದ್ದವು. ಅದಕ್ಕೇ ಗುಂಡ ಎಂದು ಕರೆದದ್ದು. ಚಳಿ ಬಲಿಯುವ ಹೊತ್ತಿಗೆ ಮಡಿಕೆಗಳು ಅಳಿಸಿಹೋಗಿದ್ದವು, ಹೆಸರು ಮಾತ್ರ ಉಳಿದಿತ್ತು. ಸ್ನಾನ ಮಾಡಿಸುವವಳು ಅಜ್ಜಿ. ಆದ್ದರಿಂದ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಸೋಪು ಹಚ್ಚುವಾಗ ಅವಳ ಬೆರಳು ಪಕ್ಕೆಲುಬಿನಿಂದ ಪಕ್ಕೆಲುಬಿಗೆ ಮೆಟ್ಟಿಲಿಳಿಯುತ್ತಿತ್ತು. ಕುಂಡೆಯ ಚರ್ಮ ಮುದುಕರ ಕತ್ತಿನಂತೆ ಜೋತುಬಿದ್ದಿತ್ತು. ಮಗು ಅಳುತ್ತಿರಲಿಲ್ಲ. ತಲೆಯ ಮೇಲೆ ನೀರು ಸುರಿದರೂ ಅಳುತ್ತಿರಲಿಲ್ಲ, ಗಡಗಡ ನಡುಗುತ್ತಿತ್ತು ಅಷ್ಟೆ. ಅಜ್ಜಿ ಬೇಗ ಬೇಗ ಒರೆಸಿ ಬನಿಯನ್ನು ಹಾಕುವಳು, ಮೇಲೊಂದು ತುಂಬುತೋಳಿನ ಅಂಗಿ, ಮೇಲೊಂದು ಸ್ವೆಟರು. ಆಗಲೂ ಕೈ ತಣ್ಣಗಿದ್ದರೆ ಇನ್ನೊಂದು ಸ್ವೆಟರು. ಕೆಲಸದಿಂದ ಬರುವ ತಾಯಿಗೆ ಸಿಗುತ್ತಿದ್ದದ್ದು ಉಣ್ಣೆಯ ದುಂಡಗಿನ ಮೂಟೆ. ಅದರ ಮೂಗಿಗೊಂದು ಮುತ್ತು ಕೊಟ್ಟು ಮಲಗಿಸುವಳು.

“ಅತ್ತೆ, ನೋಡಿದ್ರಾ? ಏಳು ತಿಂಗಳಾಯ್ತು, ಇವನ ಶೂ ಇನ್ನೂ ಸರಿಯಾಗೇ ಇದೆ,” ಎಂದಳು ಸೊಸೆ ಒಂದು ಭಾನುವಾರ, ಖುಷಿಯಿಂದ. “ನಮ್ಮಂಗಡಿಗೆ ಬರೋ ಹೆಂಗಸ್ರು ಮೂರು ತಿಂಗಳಿಗೊಂದು ಶೂ ಅಂತ ಗೋಳಾಡ್ತಾರೆ.”

ಅಜ್ಜಿ ಶೂ ಕೈಗೆ ತೆಗೆದುಕೊಂಡಳು. ಒಳಗೆ ಬೆರಳು ಹಾಕಿ ನೋಡಿದಳು. ಮುಂದೆ ಇನ್ನೂ ಜಾಗವಿತ್ತು.

“ಹೌದಲ್ಲೇ,” ಎಂದಳು. ಶೂವನ್ನು ಅದರ ಜೋಡಿಯ ಪಕ್ಕಕ್ಕೆ ಇಟ್ಟಳು.

ಅದೇ ಭಾನುವಾರ ತಾತ ಎಲ್ಲರನ್ನೂ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿ, ಗೋಡೆಯ ಚಾರ್ಟಿನಲ್ಲಿ ಹಸಿರು ಪೆನ್ನಿನಿಂದ ಗುರುತು ಹಾಕಿದರು. ಗುಂಡನನ್ನು ಬಟ್ಟೆ ಸಮೇತವೇ ಕೂರಿಸಿದರು, ಬಿಚ್ಚಿದರೆ ನಡುಗುತ್ತಾನಲ್ಲ. ಶುರುವಿನಲ್ಲಿ ಹತ್ತು ಕೇಜಿ ಇನ್ನೂರು ಇದ್ದದ್ದು ಈಗ ಒಂಬತ್ತು ಕೇಜಿ ಮುನ್ನೂರು.

“ಹದವಾಗಿ ಕರಗ್ತಾ ಇದೆ ನೋಡು ಬೊಜ್ಜು. ಇವನಿಗೆ ನನ್ನ ವಯಸ್ಸಾದಾಗ ಎದೆ ಕಲ್ಲಿನ ಹಾಗಿರುತ್ತೆ.”

ಎಲ್ಲರ ಗೆರೆಯೂ ಇಳಿಯುತ್ತಿತ್ತು. ಇಳಿದಷ್ಟೂ ಗೆಲುವು ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

ಅಂದಿನಿಂದ ಅಜ್ಜಿ ತನ್ನ ಪಾಲಿನ ಎಣ್ಣೆಯನ್ನು ಮಗುವಿನ ಬಟ್ಟಲಿಗೆ ತಿರುಗಿಸಿದಳು. ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ಹೇಗೆ ಬೇರ್ಪಡಿಸುವುದು? ಮೇಲೆ ತೇಲುವ ಹೊಳಪನ್ನು ಚಮಚದ ತುದಿಯಿಂದ ಅವನ ಬಟ್ಟಲಿಗೆ, ಕೆಳಗಿನ ನೀರನ್ನು ತನ್ನ ತಟ್ಟೆಗೆ. ಸೀಸೆಯ ತೂಕ ಸರಿಯಾಗಿಯೇ ಬರುತ್ತಿತ್ತು. ಆದರೆ ಮೂರನೇ ತುತ್ತಿಗೆ ಪುಟ್ಟ ಅಂಗೈ ಏಳುತ್ತಿತ್ತು. “ಚಾಕು.”

ಹೋದರೆ ಹೋಯಿತೆಂದು ಒಂದು ದಿನ ತಾತ ವಾಕಿಂಗಿಗೆ ಹೋದಾಗ ಮೂಲೆಯ ಅಂಗಡಿಯಿಂದ ಪುಟ್ಟ ಬೆಣ್ಣೆಯ ಪೊಟ್ಟಣ ತಂದಳು. ವಾಕಿಂಗ್ ನಲವತ್ತು ನಿಮಿಷ, ಗಡಿಯಾರವೇ ಅವರನ್ನು ನೋಡಿ ಸರಿಮಾಡಿಕೊಳ್ಳಬೇಕು. ಬೆಣ್ಣೆಯನ್ನು ಆಲೂಗಡ್ಡೆ ಬುಟ್ಟಿಯ ತಳದಲ್ಲಿ ಡಬ್ಬಿಯೊಳಗೆ ಬಚ್ಚಿಟ್ಟಳು. ಬಿಸಿ ಅನ್ನಕ್ಕೆ ಕಲಸಿ ಬಾಯಿಗೆ ಹಿಡಿದರೆ ಅಂಗೈ ಎದ್ದೇ ಎದ್ದಿತು. ಆಗ ಅವಳಿಗೊಂದು ಉಪಾಯ ಹೊಳೆಯಿತು. ಗಂಟಲು ಸರಿಮಾಡಿಕೊಂಡು, ಗಲ್ಲ ಮೇಲೆತ್ತಿ, ಗಂಡನ ದನಿ ಏರಿಸಿದಳು:

“ಸಾಲದು! ತೂಕ ಕಡಿಮೆ ಇದೆ! ಇನ್ನೊಂದು ತುತ್ತು ಹಾಕಿ, ಇಲ್ದಿದ್ರೆ ಕೇಸು ಬರೀತೀನಿ!”

ಮಗು ಬಾಗಿಲ ಕಡೆ ನೋಡಿತು, ಅಜ್ಜಿಯ ಬಾಯಿ ನೋಡಿತು. ಬಾಯಿ ತೆರೆಯಿತು. ಅಜ್ಜಿ ಚಪ್ಪಾಳೆ ತಟ್ಟಿದಳು. ಇನ್ನೊಂದು ತುತ್ತು. ಒಂಬತ್ತು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಮಗು ಕುರ್ಚಿಯ ಕಾಲು ಹಿಡಿದು ಎದ್ದು ನಿಂತು ಹೂಂಕರಿಸಿತು. ಎಷ್ಟೋ ದಿನಗಳ ಮೇಲೆ ಕೇಳಿದ ಸದ್ದು ಅದು.

ಹತ್ತನೆಯ ದಿನ ಗಾಳಿ ಜೋರಾಗಿ ತಾತ ಹದಿನೈದೇ ನಿಮಿಷಕ್ಕೆ ಮರಳಿದರು. ಒಳಗಿನಿಂದ ತಮ್ಮದೇ ದನಿ ಕೇಳಿ ಹೊಸ್ತಿಲಲ್ಲೇ ನಿಂತರು. ಆಮೇಲೆ ಬಂದು, ಮಗುವನ್ನು ಎತ್ತಿಕೊಂಡು, ಅದರ ಬಾಯಿಯ ಹತ್ತಿರ ಮೂಗು ಹಿಡಿದರು.

“ಬೆಣ್ಣೆ,” ಎಂದರು.

ಅಜ್ಜಿಯ ಕೈಯಲ್ಲಿ ಬಟ್ಟಲು ಇತ್ತು. ಬಚ್ಚಿಡಲು ಹೊತ್ತಿರಲಿಲ್ಲ.

“ರೀ, ಮಗು ಸೊರಗಿದೆ. ಒಂದ್ಸಲ ಬಟ್ಟೆ ಬಿಚ್ಚಿ ನೋಡಿ. ನಿಮಗಲ್ಲ ಇದು, ಅವನಿಗೆ.”

“ಅವನ ಬಾಯಲ್ಲಿ ಬೆಣ್ಣೆ, ನಿನ್ನ ಬಾಯಲ್ಲಿ ನನ್ನ ದನಿ.” ತಾತ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳೂ ಕೂಗಾಡುತ್ತಿದ್ದಳು, ಜಗಳವಾಡಿ ಗೆದ್ದರೂ ಗೆಲ್ಲುತ್ತಿದ್ದಳು. ಅವರು ಮೆಲ್ಲಗೆ ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಗೆ ಒರಗಿದರು. “ನನ್ನ ಒಂದ್ಸಲ ಮಲಗಿಸಿದ್ದು ಸಾಲ್ದಾ ನಿನಗೆ? ಈಗ ಈ ಕೂಸಿಗೂ ಅದೇ ರುಚಿ ಹತ್ತಿಸ್ತೀಯಾ?”

ಮುಳ್ಳು ಗಂಟಲಲ್ಲಿ ಇನ್ನೂ ಒಳಕ್ಕೆ ಇಳಿಯಿತು. ಅಜ್ಜಿ ಡಬ್ಬಿ ತೆಗೆದುಕೊಂಡು ಹೋಗಿ ಕಸದ ಬುಟ್ಟಿಗೆ ಬಡಿದಳು. ಮರುದಿನದಿಂದ ತಾತ ವಾಕಿಂಗಿಗೆ ಹೋಗುವುದನ್ನು ಬಿಟ್ಟು ಹಜಾರದಲ್ಲೇ ಹೆಜ್ಜೆ ಎಣಿಸತೊಡಗಿದರು, ಅಡುಗೆಮನೆಯ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಅಜ್ಜಿ ಯಾರ ದನಿಯನ್ನೂ ಅನುಕರಿಸಲಿಲ್ಲ. ತನ್ನದನ್ನೂ ಹೆಚ್ಚು ಬಳಸಲಿಲ್ಲ. ಮಗುವಿನ ಸ್ವೆಟರಿನ ಮೇಲೆ ದಪ್ಪನೆಯ ಕೋಟೊಂದು ಏರಿತು.

ಮೂರು ವಾರದ ಮೇಲೆ ಮಗುವಿಗೆ ನೆಗಡಿಯಾಯಿತು. ಎಲ್ಲ ಮಕ್ಕಳಿಗೂ ಆಗುವ ನೆಗಡಿ. ಬೇರೆ ಮಕ್ಕಳಿಗೆ ನಾಲ್ಕು ದಿನಕ್ಕೆ ಹೋಗುತ್ತದೆ. ಇವನಿಗೆ ಐದನೆಯ ದಿನ ತಲೆ ನಿಲ್ಲಲಿಲ್ಲ. ನೆಲದ ಮೇಲೆ ಕೂರಿಸಿದರೆ ಮೆಲ್ಲಗೆ ಪಕ್ಕಕ್ಕೆ ವಾಲಿ, ವಾಲಿದಲ್ಲೇ ಉಳಿದು, ಗೋಡೆಯನ್ನು ನೋಡುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದ ಸೊಸೆ ಅದನ್ನು ಕಂಡು ಚೀಲ ಕೆಳಗೆ ಹಾಕಿದಳು.

ಎರಡು ಬೀದಿಯಾಚೆ ಮಕ್ಕಳ ಆಸ್ಪತ್ರೆ. ತಾತ ಗೋಡೆಯ ಚಾರ್ಟನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಡಾಕ್ಟರಿಗೆ ಪೂರ್ತಿ ಮಾಹಿತಿ ಬೇಕಾಗುತ್ತದಲ್ಲ!

ಮಕ್ಕಳ ಡಾಕ್ಟರು ಸೊಸೆಗಿಂತ ಚಿಕ್ಕವಳು. ಮಾತು ಕಡಿಮೆ. ನರ್ಸು ಮಗುವಿನ ಕೋಟು ತೆಗೆದಳು, ಸ್ವೆಟರು ತೆಗೆದಳು, ಮತ್ತೊಂದು ಸ್ವೆಟರು, ಅಂಗಿ, ಬನಿಯನ್ನು. ಈರುಳ್ಳಿ ಸುಲಿದ ಹಾಗೆ. ಈರುಳ್ಳಿ ಸುಲಿಯುವಾಗ ಕಣ್ಣಿಗೆ ಬರುವುದು ಸೊಸೆಯ ಕಣ್ಣಿಗೆ ಬಂತು. ಅವಳ ಬಾಯಿಂದ ಒಂದು ಸದ್ದು ಹೊರಟಿತು. ಎಂಥ ಸದ್ದನ್ನೂ ಅನುಕರಿಸಬಲ್ಲ ಅಜ್ಜಿಗೂ ಅದನ್ನು ಅನುಕರಿಸಲಾಗದು.

“ಎಂಟು ಕೇಜಿ ಮುನ್ನೂರೈವತ್ತು,” ಎಂದಳು ನರ್ಸು.

“ತಪ್ಪು,” ಎಂದರು ತಾತ. ಚಾರ್ಟು ಬಿಚ್ಚಿ ಮೇಜಿನ ಮೇಲೆ ಹರಡಿದರು. “ಭಾನುವಾರ ನಾನೇ ತೂಗಿದ್ದು. ಒಂಬತ್ತು ಕೇಜಿ ಇನ್ನೂರು. ಐದು ದಿನಕ್ಕೆ ಎಂಟುನೂರೈವತ್ತು ಗ್ರಾಂ ಎಲ್ಲಿಗಮ್ಮ ಹೋಗುತ್ತೆ? ನಿಮ್ಮ ತಕ್ಕಡಿ ಸರಿ ಇಲ್ಲ.”

ಡಾಕ್ಟರು ಚಾರ್ಟು ನೋಡುತ್ತ ನಿಂತಳು. ಹಸಿರು ಗುರುತುಗಳು, ಇಳಿಯುವ ಗೆರೆಗಳು, ಮೇಲಿನ ದಪ್ಪಕ್ಷರ. ಅವಳು ಓದುತ್ತಿದ್ದುದು ಅವಳ ಮುಖದ ಮೇಲೆ ಒಂದೊಂದೇ ಸಾಲಾಗಿ ಕಾಣುತ್ತಿತ್ತು.

“ಪರೀಕ್ಷೆ ಮಾಡ್ಕೊಳ್ಳಿ,” ಎಂದಳು ಕೊನೆಗೆ.

ತಾತನ ಹೆಗಲ ಚೀಲದಲ್ಲಿ ಸದಾ ಒಂದು ಕೇಜಿಯ ಹಿತ್ತಾಳೆ ಬಟ್ಟು ಇರುತ್ತಿತ್ತು, ಬೇರೆಯವರ ಚೀಲದಲ್ಲಿ ಛತ್ರಿ ಇರುವ ಹಾಗೆ. ಅದನ್ನು ಕರವಸ್ತ್ರದಿಂದ ಒರೆಸಿ, ಮಗುವನ್ನು ಎತ್ತಿದ ಜಾಗದಲ್ಲಿ ಇಟ್ಟರು. ಒಂದು ಸಾವಿರ ಗ್ರಾಂ. ಮೂಲೆಯಲ್ಲಿ ಇಟ್ಟರು. ಒಂದು ಸಾವಿರ. ಇನ್ನೊಂದು ಮೂಲೆ. ಬಗ್ಗಿ ತಕ್ಕಡಿಯ ಹೊಟ್ಟೆಯ ಕೆಳಗೆ ಬೆರಳಾಡಿಸಿದರು. ಏನೂ ಸಿಗಲಿಲ್ಲ. ಅಷ್ಟು ನಿಷ್ಠೆಯ ತಕ್ಕಡಿಯನ್ನು ಅವರು ಇಡೀ ಸರ್ವಿಸ್ಸಿನಲ್ಲಿ ನೋಡಿರಲಿಲ್ಲ.

“ಬಟ್ಟೆ ಸಮೇತ ತೂಗಿದ್ರಿ, ರೀ,” ಎಂದಳು ಅಜ್ಜಿ. “ಚೀಲದ ತೂಕ ಕಳೀಲಿಲ್ಲ. ಅವನು ತೆಳ್ಳಗಾದಷ್ಟೂ ನಾನು ಬಟ್ಟೆ ತುರುಕ್ತಾ ಹೋದೆ.”

ತಾತ ಬಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

“ಮನೇಲಿ ಅಡುಗೆ ಯಾರು ಮಾಡ್ತೀರಿ?” ಡಾಕ್ಟರು ಕೇಳಿದಳು.

ಮತ್ತೆ ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಈ ಸಲ ಅವಳು ತಲೆ ತಗ್ಗಿಸಲಿಲ್ಲ.

“ಬೇಯಿಸೋಳು ನಾನು, ಅಳೆಯೋರು ಇವರು. ಹೃದಯಕ್ಕೆ ಅಂತ ಇವರಿಗೆ ಹೇಳಿದ್ದು ಮೂರು ಚಮಚ, ಇವರು ಇಳಿಸಿದ್ದು ಒಂದಕ್ಕೆ. ದಿನಕ್ಕೆ ಅರ್ಧ ಚಮಚ ಎಣ್ಣೆ ಮಗೂಗೆ, ಕೆನೆ ತೆಗೆದ ಹಾಲು, ಬರೀ ಸೊಪ್ಪು, ತವುಡು. ‘ಸಾಕು’ ಅನ್ನೋದು ಕಲಿಸಿ ಚಪ್ಪಾಳೆ ತಟ್ಟಿದ್ವಿ. ದಿನಾ ಸ್ನಾನ ಮಾಡಿಸಿದೋಳು ನಾನೇ, ನೋಡಿದೋಳು ನಾನೇ. ನೋಡಿ ಸುಮ್ನಿದ್ದೆ. ಬರ್ಕೊಳ್ಳಿ.”

ಸೊಸೆ ಅತ್ತೆಯನ್ನು ಹೊಸ ಹೆಂಗಸನ್ನು ನೋಡುವಂತೆ ನೋಡಿದಳು. ಆ ನೋಟ ಮುಂದೆ ಎಷ್ಟು ವರ್ಷ ಇರುತ್ತದೋ ಎಂದು ಅಜ್ಜಿಗೆ ಅನಿಸಿತು.

“ನಿಮಗೆ ಮೂರು ಚಮಚ ಹೇಳಿದ್ರಲ್ಲ, ಅದು ದೊಡ್ಡವರ ಹೃದಯಕ್ಕೆ,” ಡಾಕ್ಟರು ತಾತನಿಗೆ ಹೇಳಿದಳು. ದನಿ ಏರಿಸಲಿಲ್ಲ. “ನಿಮಗೂ ಒಂದು ಚಮಚಕ್ಕೆ ಇಳಿಸಿ ಅಂತ ಯಾರೂ ಹೇಳಿರಲ್ಲ. ಎರಡು ವರ್ಷದೊಳಗಿನ ಮಗೂಗೆ ಕೊಬ್ಬು ಕಡಿಮೆ ಮಾಡೋ ಹಾಗೇ ಇಲ್ಲ. ಹೊಟ್ಟೆ ಇಷ್ಟೇ ಇಷ್ಟು, ಮುಷ್ಟಿಯಷ್ಟು. ಮಿದುಳು ಬೆಳೀಬೇಕು, ಮೂಳೆ ಬೆಳೀಬೇಕು. ಆ ಮುಷ್ಟಿ ತುಂಬ ಸೊಪ್ಪು ನೀರು ತುಂಬಿದ್ರೆ ಯಾವುದರಿಂದ ಬೆಳೀಬೇಕು? ಬಟ್ಟಲಿಗೊಂದು ಚಮಚ ಎಣ್ಣೆನೋ ಬೆಣ್ಣೆನೋ, ಕೆನೆ ಹಾಲು, ಮೊಟ್ಟೆ ಹಳದಿ. ಇಷ್ಟೇ ಬೇಕಿದ್ದಿದ್ದು.”

“ಹಾಗಾದ್ರೆ ಇವತ್ತಿಂದಲೇ,” ತಾತ ಆತುರದಿಂದ ಎಂದರು. “ಎಷ್ಟು ಬೇಕು ಹೇಳಿ. ಬೆಣ್ಣೆ ತರ್ತೀನಿ. ಅರ್ಧ ಕೇಜಿ ತರ್ಲಾ?”

“ಈಗ ಬೆಣ್ಣೆ ಸುರಿದ್ರೆ ಇವನ ಹೃದಯ ತಡೆಯಲ್ಲ.”

ಹೃದಯ ಎಂಬ ಮಾತು ಕೇಳಿ ತಾತ ತಮ್ಮ ಎದೆ ಮುಟ್ಟಿಕೊಂಡರು.

“ಇಷ್ಟು ದಿನ ಬರಿದಾಗಿದ್ದ ಮೈ ಇದು,” ಡಾಕ್ಟರು ಹೇಳಿದಳು. “ಒಮ್ಮೆಲೇ ತುಂಬಿದ್ರೆ ಒಳಗೆ ಎಲ್ಲಾ ಏರುಪೇರಾಗುತ್ತೆ. ತೊಟ್ಟು ತೊಟ್ಟಾಗಿ, ಎರಡೆರಡು ಗಂಟೆಗೆ. ಸೇರಿಸ್ಕೊಳ್ತೀವಿ. ಎಷ್ಟು ದಿನ ಅಂತ ಈಗ ಹೇಳಲ್ಲ.”

ಕಾರಿಡಾರಿನ ಬೆಂಚಿನ ಮೇಲೆ ಅಜ್ಜಿ ಮೊದಲ ಸಲ ಗಂಡನ ಮುಖಕ್ಕೆ ನೇರವಾಗಿ ಮಾತಾಡಿದಳು.

“ಮೊಮ್ಮಗನ್ನ ಸಾಕಿ ಅಂತ ನಮ್ಮ ಕೈಗೆ ಕೊಟ್ಟು ಹೋಗ್ತಿದ್ಲು ಆ ಹುಡುಗಿ. ನಿಮ್ಮ ಜೀವ ಉಳಿಸೋಕೆ ಇವನ ಜೀವ ಅಡ ಇಟ್ವಿ. ನಿಮಗೆ ಹೆದರಿ ನಾನೂ ಸಹಿ ಹಾಕ್ದೆ.”

“ನಾನು... ಒಳ್ಳೇದಕ್ಕೇ...”

“ಗೊತ್ತು. ಅದಕ್ಕೇ ಇಷ್ಟು ದೂರ ಬಂದಿದ್ದು. ಕೆಟ್ಟದ್ದಕ್ಕಾಗಿದ್ರೆ ಮೊದಲ ದಿನವೇ ಸೌಟು ಎತ್ತಿರ್ತಿದ್ದೆ.”

ವಾರ್ಡಿನಲ್ಲಿ ಮಗುವಿನ ಮೂಗಿಗೆ ಸಪೂರ ಕೊಳವೆ ಹಾಕಿದರು. ಎರಡು ಗಂಟೆಗೊಮ್ಮೆ ನರ್ಸು ಸಿರಿಂಜಿನಲ್ಲಿ ಬಿಳಿಯ ದ್ರವ ಇಳಿಸುತ್ತಿದ್ದಳು. 'ಸಾಕು' ಎನ್ನಲು ಅಂಗೈ ಎತ್ತುವಷ್ಟೂ ಶಕ್ತಿ ಇರಲಿಲ್ಲ ಅವನಿಗೆ. ಸೊಸೆ ಮಂಚದ ಒಂದು ಬದಿ ಬಿಟ್ಟು ಕದಲಲಿಲ್ಲ, ಅತ್ತೆ ಮಾವ ಇಬ್ಬರೊಡನೆಯೂ ಮಾತಾಡಲಿಲ್ಲ. ಮಗ ರೈಲಿನಿಂದ ಇಳಿದು ಬರುತ್ತಿದ್ದಾನೆ, ಮುಟ್ಟಲು ಇನ್ನೂ ನಾಲ್ಕು ದಿನ ಬೇಕು.

ಮೂರನೆಯ ದಿನ ಮಧ್ಯಾಹ್ನ ನರ್ಸು ತಕ್ಕಡಿ ತಳ್ಳಿಕೊಂಡು ಬಂದಳು. ಬಟ್ಟೆಯಿಲ್ಲದೆ ತೂಗಿದಳು. ತಾತ ಎದ್ದು ನಿಂತು ಅಂಕಿ ನೋಡಿದರು. ಎಂಟು ಕೇಜಿ ಏಳುನೂರು.

“ಮುನ್ನೂರೈವತ್ತು!” ಅವರ ದನಿ ಒಡೆಯಿತು. “ಮೂರೇ ದಿನಕ್ಕೆ ಮುನ್ನೂರೈವತ್ತು ಗ್ರಾಂ ಏರಿದಾನೆ! ಏರ್ತಾ ಇದಾನೆ ಅಲ್ವಾ ಸಿಸ್ಟರ್?”

ನರ್ಸು ಕಡತದಲ್ಲಿ ಬರೆದಳು. ಬರೆದದ್ದನ್ನು ಇನ್ನೊಮ್ಮೆ ನೋಡಿದಳು. ನಗಲಿಲ್ಲ.

“ಇಷ್ಟು ಬೇಗ ಏರಬಾರ್ದು ಅಜ್ಜಾ. ಇದು ಮೈಯ ತೂಕ ಇರಲ್ಲ, ನೀರು ತುಂಬ್ಕೊಳ್ತಿರಬಹುದು, ಹೃದಯಕ್ಕೆ ಅದು ಭಾರ. ತಕ್ಕಡಿಗೆ ಎರಡೂ ಒಂದೇ ಅಲ್ವಾ?” ಅವಳು ಮಗುವಿನ ಕಾಲ ಮೇಲಿನ ಹೊದಿಕೆ ಸರಿಸಿದಳು. “ನಾನು ಡಾಕ್ಟರಿಗೆ ಹೇಳಿ ಬರ್ತೀನಿ. ನೀವು ಪಾದ ನೋಡ್ತಿರಿ. ಒತ್ತಿದ ಗುರುತು ಉಳಿದ್ರೆ ತಕ್ಷಣ ಕರೀರಿ.”

ಅವಳು ಹೋದಳು. ತಕ್ಕಡಿ ಅಲ್ಲೇ ನಿಂತಿತ್ತು, ಸೊನ್ನೆ ತೋರಿಸುತ್ತ. ತಾತ ಅದರ ಕಡೆ ನೋಡಲಿಲ್ಲ.

ಅಜ್ಜಿ ಮಗುವಿನ ಪಾದವನ್ನು ಅಂಗೈಯಲ್ಲಿ ತೆಗೆದುಕೊಂಡಳು. ಮೊನ್ನೆ ಎಲುಬೆಲ್ಲ ಕಾಣುತ್ತಿದ್ದ ಪಾದ ಇಂದು ತುಂಬಿಕೊಂಡು ನುಣ್ಣಗಿತ್ತು, ಹುಟ್ಟಿದ ಹೊಸದರಲ್ಲಿ ಇದ್ದಂತೆ, ಮುದ್ದಾಗಿ. ಅವಳು ಹೆಬ್ಬೆರಳನ್ನು ಪಾದದ ಮೇಲೆ ಒತ್ತಿ ಹಿಡಿದಳು, ಹಿಟ್ಟಿನ ಹದ ನೋಡುವ ಹಾಗೆ. ಆಮೇಲೆ ತೆಗೆದಳು.

ಕುಳಿ ಬಿತ್ತು. ಅದು ಮೇಲೇಳಲಿಲ್ಲ.

“ಏನೇ?” ತಾತ ಕೇಳಿದರು.

“ಓಡಿ,” ಎಂದಳು ಅಜ್ಜಿ, ಪಾದದಿಂದ ಕಣ್ಣು ತೆಗೆಯದೆ. “ಡಾಕ್ಟರನ್ನ ಕರ್ಕೊಂಡು ಬನ್ನಿ. ಓಡಿ ರೀ.”

ಒಂಬತ್ತು ತಿಂಗಳಿಂದ ಮೆಟ್ಟಿಲನ್ನೂ ಎಣಿಸಿ ಏರುತ್ತಿದ್ದ ಮನುಷ್ಯ ಕಾರಿಡಾರಿನಲ್ಲಿ ಓಡುವ ಸದ್ದು ಕೇಳಿಸಿತು. ಸೊಸೆ ಮಂಚದ ಆಚೆ ಬದಿಯಿಂದ ಕೈ ಚಾಚಿ, ಅತ್ತೆಯ ಹೆಬ್ಬೆರಳಿದ್ದ ಜಾಗವನ್ನು ತನ್ನ ಬೆರಳಿನಿಂದ ಮುಟ್ಟಿದಳು. ಇಬ್ಬರೂ ಆ ಕುಳಿಯನ್ನೇ ನೋಡುತ್ತ ಕೂತರು.